ಚೂಪು ಮೊಟ್ಟೆಗೆ ಹುಂಜ, ದುಂಡು ಮೊಟ್ಟೆಗೆ ಹ್ಯಾಟೆ ಅನ್ನೋ ಲೆಕ್ಕ

ಎಲ್ರಿಗೂ ನಮಸ್ಕಾರ. ಸಂಘದ ಅಕ್ಕಂದಿರು, ಅಮ್ಮಂದಿರು, ಹಿಂದೆ ನಿಂತಿರೋ ಅಣ್ಣಂದಿರು, ಒಳಗೆ ಬನ್ನಿ, ಜಾಗ ಇದೆ. ನನಗೆ ಕೊಟ್ಟಿರೋ ವಿಷಯ ನಾಟಿಕೋಳಿ ರೋಗ ಮತ್ತು ಲಸಿಕೆ, ಅದನ್ನ ಹೇಳ್ತೀನಿ, ಆದ್ರೆ ಅದಕ್ಕೆ ಮುಂಚೆ ಇನ್ನೊಂದು ಮಾತು ಆಡ್ಲೇಬೇಕಾಗಿದೆ. ಚೂಪು ಮೊಟ್ಟೇಲಿ ಹುಂಜ, ದುಂಡು ಮೊಟ್ಟೇಲಿ ಹ್ಯಾಟೆ ಅನ್ನೋ ಲೆಕ್ಕ ಹಿಡ್ಕೊಂಡು ಈ ಕಡೆ ಯಾರೋ ಹ್ಯಾಟೆ ಮೊಟ್ಟೆ ಅಂತ ಬೇರೆ ಆರಿಸಿಟ್ಟು ಜಾಸ್ತಿ ರೇಟಿಗೆ ಮಾರ್ತಿದಾರಂತೆ, ಕಾವಿಗೆ ಕೂರ್ಸಿದ್ರೆ ಎಲ್ಲಾ ಹೆಣ್ಣೇ ಬರುತ್ತೆ ಅಂತ. ನಿಮ್ಮಲ್ಲೇ ಕೆಲವ್ರು ದುಡ್ಡು ಕೊಟ್ಟು ತಂದಿದೀರಿ. ಅದನ್ನ ಕೇಳಿ ನನಗೆ ಹೊಟ್ಟೆ ಉರಿದೋಯ್ತು.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ, ಮೊಟ್ಟೆ ನೆಲ ಮುಟ್ಟೋ ಮುಂಚೆನೇ ಒಳಗಿರೋದು ಹೆಣ್ಣೋ ಗಂಡೋ ತೀರ್ಮಾನ ಆಗೋಗಿರುತ್ತೆ. ಅದನ್ನ ತೀರ್ಮಾನ ಮಾಡೋದು ಜೀವಕಣದೊಳಗಿನ ವರ್ಣತಂತು ಅನ್ನೋ ಎಳೆಗಳು. ಹುಂಜದ ಹತ್ರ ಇರೋದು ಎರಡೂ ಝಡ್ ವರ್ಣತಂತು. ಹ್ಯಾಟೆ ಹತ್ರ ಒಂದು ಝಡ್, ಒಂದು ಡಬ್ಲ್ಯೂ. ಅದ್ರಲ್ಲಿ ಯಾವುದು ಹಳದಿ ಜೊತೆ ಉಳ್ಕೊಳ್ಳುತ್ತೋ ಅದ್ರ ಮೇಲೆ ಮರಿ, ಡಬ್ಲ್ಯೂ ಉಳಿದ್ರೆ ಹೆಣ್ಣು, ಝಡ್ ಉಳಿದ್ರೆ ಗಂಡು. ಇದು ಆಗೋದು ಹಳದಿ ಅಂಡಾಶಯ ಬಿಟ್ಟು ಹೊರಡೋಕೆ ಕೆಲವೇ ಗಂಟೆ ಮುಂಚೆ. ಬಿಳಿ ಲೋಳೆ, ಪೊರೆ, ಚಿಪ್ಪು ಎಲ್ಲಾ ಆಮೇಲಿನ ಕೆಲಸ, ಚಿಪ್ಪೊಂದಕ್ಕೇ ಹತ್ತಿರ ಹತ್ತಿರ 20 ಗಂಟೆ ಹಿಡಿಯುತ್ತೆ. ಅಂದ್ಮೇಲೆ ಚೂಪು ದುಂಡು ಅನ್ನೋ ಆಕಾರ ಬರೋದೇ ತೀರ್ಮಾನ ಆದ್ಮೇಲೆ, ಅದನ್ನ ಕೊಡೋದು ತಾಯಿಕೋಳಿ ಹೊಟ್ಟೆ ಒಳಗಿನ ನಾಳ. ನಿಮ್ಮನೇಲೇ ನೋಡಿರ್ತೀರಿ, ಒಂದೊಂದು ಹ್ಯಾಟೆ ಯಾವಾಗ್ಲೂ ಚೂಪು ಮೊಟ್ಟೆನೇ ಇಡುತ್ತೆ. ಹಂಗಾದ್ರೆ ಅದ್ರ ಮರಿಗಳೆಲ್ಲಾ ಹುಂಜ ಆಗ್ಬೇಕಿತ್ತಲ್ವಾ? ಆಗುತ್ತಾ? ಹ್ಞಾ, ಅಲ್ಲಿ ಅಮ್ಮ ತಲೆ ಅಲ್ಲಾಡಿಸ್ತಿದಾರೆ, ಆಗಲ್ಲ.

ಇದು ನಮ್ಮ ಹಳ್ಳಿಯವರ ನಂಬಿಕೆ ಮಾತ್ರ ಅಂದ್ಕೋಬೇಡಿ. 2300 ವರ್ಷದ ಹಿಂದೆ ಗ್ರೀಸ್‌ನಲ್ಲಿ ಅರಿಸ್ಟಾಟಲ್ ಬರೆದಿಟ್ಟಿದಾನೆ, ಉದ್ದಕ್ಕೆ ಚೂಪಾಗಿರೋ ಮೊಟ್ಟೇಲಿ ಹೆಣ್ಣು, ದುಂಡಗಿರೋದ್ರಲ್ಲಿ ಗಂಡು ಅಂತ. ಆಮೇಲೆ ರೋಮ್‌ನಲ್ಲಿ ಕೊಲುಮೆಲ್ಲಾ ಅಂತ, ವ್ಯವಸಾಯದ ಬಗ್ಗೆ ಬರೆದೋನು, ತದ್ವಿರುದ್ಧ ಹೇಳಿದ, ಚೂಪು ಗಂಡು, ದುಂಡು ಹೆಣ್ಣು. ಇಬ್ರೂ ದೊಡ್ಡವ್ರೇ, ಇಬ್ರೂ ಸರಿ ಆಗೋಕೆ ಸಾಧ್ಯ ಇಲ್ಲ, ಆದ್ರೂ ಇಬ್ರನ್ನೂ ಜನ ನೂರಾರು ವರ್ಷ ನಂಬಿದ್ರು. ಯಾಕೆ ಗೊತ್ತಾ? ಯಾವ ಕಡೆ ಹೇಳಿದ್ರೂ ಅರ್ಧ ಸಲ ಸರಿಯಾಗೇ ಆಗುತ್ತೆ!

ನಾನು ಸರ್ವಿಸ್‌ನಲ್ಲಿದ್ದಾಗ ಒಂದೂರಲ್ಲಿ ಒಬ್ರು ಅಜ್ಜಿ ಇದ್ರು. ಸುತ್ತಮುತ್ತಲ ಊರೋರೆಲ್ಲಾ ಮೊಟ್ಟೆ ತಗೊಂಡು ಅವ್ರ ಹತ್ರ ಬರೋರು. ಅಜ್ಜಿ ಜಗಲಿ ಮೇಲೆ ಕೂತು, ಮೊರದಲ್ಲಿ ಒಂದು ಹಿಡಿ ರಾಗಿ ಹರಡಿ ಅದ್ರ ಮೇಲೆ ಮೊಟ್ಟೆ ನಿಲ್ಸೋರು, ಆಮೇಲೆ ಸೂಜಿಗೆ ದಾರ ಪೋಣಿಸಿ ಎರಡೇ ಬೆರಳಲ್ಲಿ ಹಿಡ್ಕೊಂಡು ಮೊಟ್ಟೆ ಮೇಲೆ ಇಳಿಬಿಡೋರು. ಸೂಜಿ ಸುತ್ತ ತಿರುಗಿದ್ರೆ ಹ್ಯಾಟೆ, ಆ ಕಡೆ ಈ ಕಡೆ ತೂಗಿದ್ರೆ ಹುಂಜ. ನಿಜವಾಗ್ಲೂ ತಿರುಗ್ತಿತ್ತು, ನಾನೇ ಕಣ್ಣಾರೆ ನೋಡಿದೀನಿ, ಅಜ್ಜಿ ಕೈ ಕಲ್ಲಿನಂಗೆ ಇರೋದು, ಸೂಜಿ ತಿರುಗೋದು. ಅಜ್ಜಿ ಮೋಸ ಮಾಡೋರಲ್ಲ, ಒಂದು ಪೈಸೆ ತಗೋತಿರ್ಲಿಲ್ಲ, ಹೋದೋರಿಗೆಲ್ಲಾ ಮಜ್ಜಿಗೆ ಕೊಟ್ಟು ಕಳ್ಸೋರು. ನಾನು ಕೇಳ್ದೆ, ಅಜ್ಜಿ, ದಾರಾನ ಬಾಗಿಲ ಮೇಲಿನ ಮೊಳೆಗೆ ಕಟ್ಟಿ ನೋಡೋಣ್ವಾ? ನೋಡಪ್ಪ ಅಂದ್ರು. ಕಟ್ಟಿ ಮೊಟ್ಟೆ ಕೆಳಗಿಟ್ವಿ, ಗಾಳಿ ಬರ್ದಂಗೆ ಬಾಗಿಲು ಮುಂದೆ ಮಾಡಿದ್ವಿ. ಸೂಜಿ ಅಲ್ಲಾಡ್ಲಿಲ್ಲ. ಮೊಟ್ಟೆ ಬದಲಾಯಿಸಿದ್ರೂ ಅಲ್ಲಾಡ್ಲಿಲ್ಲ. ಅಜ್ಜಿ ಏನಂದ್ರು ಗೊತ್ತಾ, "ಮೊಳೆಗೆ ಜೀವ ಇಲ್ವಲ್ಲಪ್ಪ, ಸೂಜಿಗೆಲ್ಲಿಂದ ಬರ್ಬೇಕು." ಎಂಥಾ ಮಾತು ನೋಡಿ, ಅವ್ರಿಗೇ ಗೊತ್ತಿಲ್ದಂಗೆ ಉತ್ತರ ಕೊಟ್ಟುಬಿಟ್ರು, ಜೀವ ಇರೋದು ಬೆರಳಲ್ಲಿ, ನಮ್ಮ ಮನಸ್ಸಲ್ಲಿರೋದನ್ನ ಬೆರಳು ನಮಗೇ ತಿಳೀದಂಗೆ ದಾರಕ್ಕೆ ದಾಟಿಸುತ್ತೆ.

ಆಮೇಲೆ ಅವ್ರು ಹ್ಯಾಟೆ ಅಂತ ಆರಿಸಿದ್ದನ್ನ ಒಂದು ಕೋಳಿ ಕೆಳಗೆ, ಹುಂಜ ಅಂತ ಆರಿಸಿದ್ದನ್ನ ಇನ್ನೊಂದು ಕೋಳಿ ಕೆಳಗೆ ಬೇರೆ ಬೇರೆ ಕುಕ್ಕೇಲಿ ಕೂರ್ಸಿದ್ವಿ. 21 ದಿನಕ್ಕೆ ಮರಿ ಆಯ್ತು. ನಾಟಿ ಮರೀಲಿ ಜುಟ್ಟು, ಬಾಲದ ಪುಕ್ಕ ನೋಡಿ ಗಂಡು ಹೆಣ್ಣು ಹೇಳೋಕೆ ಇನ್ನೂ ಒಂದೂವರೆ ಎರಡು ತಿಂಗಳು ಬೇಕು, ಅದೇ ನೋಡಿ ಎಡವಟ್ಟು ಆಗೋ ಜಾಗ, ಅಷ್ಟೊತ್ತಿಗೆ ಹದ್ದು ಒಂದೆರಡು ಒಯ್ದಿರುತ್ತೆ, ಮುಂಗುಸಿ ಒಂದು ಹಿಡ್ದಿರುತ್ತೆ, ಕೂರ್ಸುವಾಗ ಹೇಳಿದ್ದು ಅರ್ಧ ಮರ್ತೋಗಿರುತ್ತೆ, ಉಳಿದಿರೋದು ನಾವು ಹೇಳಿದಂಗೆ ಇದ್ರೆ ಆಹಾ ಅಂತೀವಿ, ಇಲ್ದಿದ್ರೆ ಹದ್ದಿನ ಮೇಲೆ ಹಾಕ್ತೀವಿ. ನಾವು ಬರೆದಿಟ್ಟಿದ್ವಿ. ಎರಡು ಕುಕ್ಕೇಲೂ ಹುಂಜಾನೂ ಇತ್ತು, ಹ್ಯಾಟೇನೂ ಇತ್ತು. ಅಜ್ಜಿ ಬೇಜಾರು ಮಾಡ್ಕೊಳ್ಳಲಿಲ್ಲ. ಅವ್ರ ನಿಜವಾದ ವಿದ್ಯೆ ಬೇರೆ ಇತ್ತು, ಕಾವಿಗಿಟ್ಟು ವಾರ ಆದ್ಮೇಲೆ ಮೊಟ್ಟೆನ ಬೆಳಕಿಗೆ ಹಿಡಿದು, ಇದು ಮರಿಯಾಗುತ್ತೆ ಇದು ಆಗಲ್ಲ ಅಂತ ತಪ್ಪಿಲ್ದೆ ಹೇಳೋರು. ಅದು ಕೆಂಪು ನರ ನೋಡಿ ಹೇಳೋದು, ಅದನ್ನ ನೀವೂ ಮೊಬೈಲ್ ಟಾರ್ಚಲ್ಲಿ ಮಾಡ್ಬಹುದು.

ಲೆಕ್ಕ ಇಷ್ಟೇ. ಒಂದು ಕೋಳಿ ಕೆಳಗೆ 10 ಮರಿ ಆದ್ರೆ, ಅದ್ರಲ್ಲಿ 7 ಅಥವಾ ಇನ್ನೂ ಜಾಸ್ತಿ ಒಂದೇ ಕಡೆ ಬೀಳೋದು, ಎಲ್ಲಾ ಹೆಚ್ಚುಕಮ್ಮಿ ಹೆಣ್ಣೇ ಅಥವಾ ಎಲ್ಲಾ ಗಂಡೇ ಅನ್ನೋ ತರ, ಬರೀ ಅದೃಷ್ಟದಿಂದಲೇ 100ಕ್ಕೆ 34 ಸಲ ಆಗುತ್ತೆ. ಅಂದ್ರೆ ಊರಲ್ಲಿ ಮೂರು ಮನೆ ಕೋಳಿ ಕೂರ್ಸಿದ್ರೆ ಒಂದು ಮನೇಲಿ "ನೋಡು, ಅಮಾವಾಸ್ಯೆ ಆದ್ಮೇಲೆ ಕೂರ್ಸಿದ್ದಕ್ಕೆ ಹಿಂಗಾಯ್ತು" ಅನ್ನೋಕೆ ಸಾಕ್ಷಿ ರೆಡಿ. ಮಿಕ್ಕ ಎರಡು ಮನೆಯೋರು ಏನೂ ಮಾತಾಡಲ್ಲ, ಅವ್ರ ಕಥೆ ಹರಡಲ್ಲ.

ಇನ್ನು ಇನ್ಕ್ಯುಬೇಟರ್ ಇಟ್ಟಿರೋ ಹುಡುಗ್ರು ಕೇಳ್ತಾರೆ, ಸಾರ್ ಶಾಖ ಹೆಚ್ಚುಕಮ್ಮಿ ಮಾಡಿದ್ರೆ? ಆಮೆಗಳಲ್ಲಿ ಇದು ನಿಜ, ನಮ್ಮ ಉತ್ತರ ಕನ್ನಡದ ಕಡಲತೀರಕ್ಕೆ ಮೊಟ್ಟೆ ಇಡೋಕೆ ಬರುತ್ತಲ್ಲ ಕಡಲಾಮೆ, ಅದಕ್ಕೆ ಮರಳು ಬಿಸಿಯಾದಷ್ಟೂ ಹೆಣ್ಣು ಮರಿ ಜಾಸ್ತಿ. ಮೊಸಳೆದೂ ಶಾಖದ ಲೆಕ್ಕಾನೇ. ಕೋಳಿಗೆ ಹಂಗಿಲ್ಲ. 37.5 ಡಿಗ್ರಿ ಬಿಟ್ಟು ಆಟ ಆಡಿದ್ರೆ ಮರಿ ಸಾಯುತ್ತೆ, ಲಿಂಗ ಬದಲಾಗಲ್ಲ. ಮೊಟ್ಟೆಯ ದಪ್ಪ ತುದೀಲಿರೋ ಗಾಳಿಗೂಡು ನಡುವೆ ಇದ್ರೆ ಗಂಡು, ಓರೆ ಇದ್ರೆ ಹೆಣ್ಣು ಅಂತಾರಲ್ಲ, ಆ ಗಾಳಿಗೂಡು ಆಗೋದೇ ಮೊಟ್ಟೆ ಹೊರಗೆ ಬಂದು ತಣ್ಣಗಾದ್ಮೇಲೆ, ಮೊಟ್ಟೆ ನೆಲ ಮುಟ್ಟೋ ಮುಂಚೆನೇ ತೀರ್ಮಾನ ಅಂದ್ನಲ್ಲ.

ಒಂದು ಮಾತು ಪ್ರಾಮಾಣಿಕವಾಗಿ ಹೇಳ್ತೀನಿ, ತಾಯಿಹಕ್ಕಿಗೆ ಸ್ವಲ್ಪ ಹಿಡಿತ ಇರ್ಬಹುದು. ಸೀಶೆಲ್ಸ್ ದ್ವೀಪದಲ್ಲಿ ಒಂದು ಸಣ್ಣ ಉಲಿಯಕ್ಕಿ ಇದೆ, ಮೇವು ಕಮ್ಮಿ ಇರೋ ಜಾಗದಲ್ಲಿ ಅದ್ರ ಮರಿಗಳಲ್ಲಿ 77% ಗಂಡು, ಮೇವು ಚೆನ್ನಾಗಿರೋ ಜಾಗದಲ್ಲಿ ಬರೀ 13%. ಅದು ತಾಯಿಯ ಒಳಗೆ, ಮೊಟ್ಟೆ ಕಟ್ಟೋ ಮುಂಚೆ ನಡೆಯೋದು. ಇಟ್ಟ ಮೊಟ್ಟೆನ ಸೂಜಿ ಹಿಡಿದು ಬದಲಾಯಿಸೋಕೂ ಆಗಲ್ಲ, ತಿಳ್ಕೊಳ್ಳೋಕೂ ಆಗಲ್ಲ.

ದೊಡ್ಡ ದೊಡ್ಡ ಹ್ಯಾಚರಿ ನೋಡಿ. ಮೊಟ್ಟೆ ಕೋಳಿ ತಳೀಲಿ ಗಂಡು ಮರಿ ಅವ್ರಿಗೆ ಬೇಡ, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಗಂಡು ಮರಿ ಹುಟ್ಟಿದ ದಿನಾನೇ ಸಾಯಿಸ್ತಾರೆ ಅನ್ನೋ ಅಂದಾಜಿದೆ. ಜರ್ಮನಿ 2022ರಿಂದ ಅದನ್ನ ಕಾನೂನು ಮಾಡಿ ನಿಲ್ಸಿತು, ಈಗ ಅಲ್ಲಿ ಮೊಟ್ಟೆಗೆ ಸೂಕ್ಷ್ಮ ತೂತು ಮಾಡಿ ಒಳಗಿನ ದ್ರವ ತೆಗೆದು ಪರೀಕ್ಷೆ ಮಾಡ್ತಾರೆ. ಜಪಾನಿನ ಮಸುಯಿ ಅನ್ನೋರು ಮರಿಯ ಹಿಂಭಾಗ ಒತ್ತಿ ನೋಡಿ ಗಂಡು ಹೆಣ್ಣು ಹೇಳೋ ವಿದ್ಯೆನ 1927ರಲ್ಲಿ ಕೆನಡಾದ ಸಮ್ಮೇಳನದಲ್ಲಿ ತೋರಿಸಿದ್ರು, ಅದು ಕಲಿಯೋಕೆ ಜನ ವರ್ಷಗಟ್ಟಲೆ ಕಷ್ಟ ಪಡ್ತಾರೆ. ಚೂಪು ದುಂಡು ನೋಡಿ ಗೊತ್ತಾಗಂಗಿದ್ರೆ ಇಷ್ಟೆಲ್ಲಾ ಯಾಕೆ ಬೇಕಿತ್ತು ಹೇಳಿ.

ಟೈಮ್ ಆಯ್ತು ಅಂತ ಚೀಟಿ ಬಂತು, ಆದ್ರೂ ಇದೊಂದು ಹೇಳ್ಬಿಡ್ತೀನಿ. ಬಸುರಿ ಹೊಟ್ಟೆ ಚೂಪಗಿದೆ, ಗಂಡು ಅಂತ ಇದೇ ಲೆಕ್ಕ ನಮ್ಮ ಹೆಣ್ಮಕ್ಕಳ ಮೇಲೂ ಹಾಕ್ತೀವಿ. ಹೆಣ್ಣಾದ್ರೆ ಸೊಸೇನ ಬೈತೀವಿ, ಮನುಷ್ಯರಲ್ಲಿ ಅದು ತೀರ್ಮಾನ ಆಗೋದು ಗಂಡನ ಕಡೆಯಿಂದ. 1994ರಲ್ಲೇ ಭ್ರೂಣಲಿಂಗ ಪತ್ತೆ ವಿರುದ್ಧ ಕಾನೂನು ಬಂದಿದೆ, ಆದ್ರೂ 2023ರಲ್ಲಿ ಇದೇ ಮಂಡ್ಯ ಜಿಲ್ಲೇಲಿ ಆಲೆಮನೆ ಒಳಗೆ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡಿದ್ದ ಜಾಲ ಸಿಕ್ತು. ಕೋಳಿ ವಿಷಯ ಅಂತ ಇದನ್ನ ಹಗುರವಾಗಿ ನೋಡೋಕೆ ನನ್ನ ಕೈಲಿ ಆಗಲ್ಲ.

ಈಗ ಬೇಗ ಬೇಗ ಲಸಿಕೆ. ಮರಿಗೆ 5ರಿಂದ 7 ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎರಡು ತಿಂಗಳಿಗೆ ಆರ್‌ಟುಬಿ ಇಂಜೆಕ್ಷನ್, ಎರಡೂ ಕೊಕ್ಕರೆ ರೋಗಕ್ಕೆ, ಅಂದ್ರೆ ರಾಣಿಖೇತ್ ರೋಗಕ್ಕೆ. ಐಸ್ ಹಾಕಿದ ಡಬ್ಬೀಲೇ ತನ್ನಿ, ಬೆಳಗ್ಗೆ ತಂಪೊತ್ತಲ್ಲಿ ಹಾಕ್ಸಿ, ಕಲಸಿದ್ದನ್ನ ಮಧ್ಯಾಹ್ನಕ್ಕೆ ಇಟ್ಕೋಬೇಡಿ. ಕಾವಿಗೆ ಮೊಟ್ಟೆ ತರೋವಾಗ ಎಷ್ಟು ದಿನದ್ದು ಅಂತ ಕೇಳಿ, ವಾರಕ್ಕಿಂತ ಹಳೇದು ಬೇಡ. ಹುಂಜ ಜಾಸ್ತಿ ಬಂದ್ರೆ ಬೇಜಾರಾಗ್ಬೇಡಿ, ಹೊಸತೊಡಕಿಗೆ ಸರಿಯಾಗಿ ಬೆಳೆಯೋ ತರ ನಾಲ್ಕೈದು ತಿಂಗಳು ಮುಂಚೆ ಕೂರ್ಸಿ, ಅವತ್ತು ನಾಟಿ ಹುಂಜಕ್ಕೆ ಸಿಗೋ ರೇಟು ನಿಮಗೇ ಗೊತ್ತು. ಹಿಂದಿನ ಸಾಲಲ್ಲಿ ಅಕ್ಕ ಆಗಿಂದ ಕೈ ಎತ್ತಿದಾರೆ, ಮೈಕ್ ಅವ್ರಿಗೆ ಕೊಡಿ.