ತಾಲ್ಲೂಕುಗಳ ಪಟ್ಟಿ ಮತ್ತು ಎನಮ್‌ಮ್ಯಾಪ್

ಕೇಳುಗರಿಗೆ ನಮಸ್ಕಾರ. ನಾನು ಕೋಲಾರದಲ್ಲಿ ಕಾಲೇಜು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವ ಮೇಷ್ಟ್ರು. ಇವತ್ತು ಜಾವಾ ಭಾಷೆಯ ಒಂದು ಸಣ್ಣ ಸಲಕರಣೆಯ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಎನಮ್‌ಮ್ಯಾಪ್. ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು ಕೇಳುತ್ತಿದ್ದರೆ ಒಂದು ಹಾಳೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ರೇಡಿಯೊದಲ್ಲಿ ಕೋಡ್ ತೋರಿಸಲು ಆಗುವುದಿಲ್ಲ, ಅಲ್ವಾ? ನಾನು ಹೇಳುವ ಹೆಸರುಗಳನ್ನು ಬರೆದುಕೊಂಡರೆ ಸಾಕು.

ನಮ್ಮ ಎಪಿಎಂಸಿಯಿಂದಲೇ ಶುರು ಮಾಡೋಣ. ಕೋಲಾರದ ಟೊಮೆಟೊ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಗೆ ಯಾವ ತಾಲ್ಲೂಕಿನಿಂದ ದಿನಕ್ಕೆ ಎಷ್ಟು ಬಾಕ್ಸ್ ಬಂತು ಎಂದು ಲೆಕ್ಕ ಇಡುವ ಪ್ರೋಗ್ರಾಮ್ ಬರೆಯಬೇಕು ಅಂದುಕೊಳ್ಳಿ. ಒಂದು ಕಡೆ ತಾಲ್ಲೂಕಿನ ಹೆಸರು, ಅದರ ಎದುರಿಗೆ ಬಾಕ್ಸುಗಳ ಸಂಖ್ಯೆ. ಮೊದಲನೆಯದು ಕೀ, ಎರಡನೆಯದು ವ್ಯಾಲ್ಯೂ. ಇಂಥ ಜೋಡಿಗಳನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಮ್ಯಾಪ್ ಅನ್ನುತ್ತಾರೆ.

ವಿದ್ಯಾರ್ಥಿಗಳಿಗೆ ಈ ಕೆಲಸ ಕೊಟ್ಟರೆ ಹೆಚ್ಚಿನವರು ಜಾವಾದ ಸಾಮಾನ್ಯ ಮ್ಯಾಪ್ ಆದ ಹ್ಯಾಶ್‌ಮ್ಯಾಪ್ ತೆಗೆದುಕೊಂಡು, ತಾಲ್ಲೂಕಿನ ಹೆಸರನ್ನು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು ಮಾಡಿ ಕೀ ಜಾಗದಲ್ಲಿ ಇಡುತ್ತಾರೆ. ಓಡುತ್ತದೆ. ಆದರೆ ಒಬ್ಬರು ‘ಮುಳಬಾಗಿಲು’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ಮುಳಬಾಗಲು’, ಮತ್ತೊಬ್ಬರು ‘ಮುಳಬಾಗಲ್’. ನಮಗೆ ಮೂರೂ ಒಂದೇ ಊರು. ಪ್ರೋಗ್ರಾಮಿಗೆ ಮೂರು ಬೇರೆ ಬೇರೆ ಕೀಗಳು. ಒಂದೇ ತಾಲ್ಲೂಕಿನ ಲೆಕ್ಕ ಮೂರು ಕಡೆ ಹರಿದು ಹಂಚಿಹೋಗುತ್ತದೆ. ಕೋಡನ್ನು ಓಡಿಸುವ ಮುಂಚೆ ಪರಿಶೀಲಿಸಿ ಪರಿವರ್ತಿಸುವ ಕಂಪೈಲರ್ ತಪ್ಪು ಅನ್ನುವುದಿಲ್ಲ, ಪ್ರೋಗ್ರಾಮ್ ನಿಲ್ಲುವುದೂ ಇಲ್ಲ. ಮೊತ್ತ ಮಾತ್ರ ಸುಮ್ನೆ ತಪ್ಪಾಗಿ ಬರುತ್ತಿರುತ್ತದೆ. ನನಗೆ ಇಂಥ ತಪ್ಪಿನ ಮೇಲೆಯೇ ಭಯ ಜಾಸ್ತಿ.

ಒಂದು ಜಿಲ್ಲೆಯಲ್ಲಿ ಯಾವ ತಾಲ್ಲೂಕುಗಳಿವೆ ಎಂದು ನಮಗೆ ಮೊದಲೇ ಗೊತ್ತು. ಆ ಪಟ್ಟಿಗೆ ಕೊನೆ ಇದೆ. ಗೊತ್ತಿರುವ ಆ ವಿಷಯವನ್ನು ಭಾಷೆಗೂ ಹೇಳಿಬಿಡಬೇಕು ಎನ್ನುವುದೇ ನನ್ನ ವಾದ. ಹಾಗೆ ಹೇಳುವ ದಾರಿಗೆ ಎನಮ್ ಎಂದು ಹೆಸರು. 2004ರಲ್ಲಿ ಬಂದ ಜಾವಾ 5ರಲ್ಲಿ ಎನಮ್ ಸೇರಿತು. ಅದರ ಜೊತೆಗೇ, ಎನಮ್ ಅನ್ನು ಕೀ ಮಾಡಿಕೊಳ್ಳುವ ಮ್ಯಾಪ್ ಆದ ಎನಮ್‌ಮ್ಯಾಪ್ ಕೂಡ ಬಂತು. ಅದಕ್ಕೂ ಮುಂಚೆ ಜನ ಬರೀ ಅಂಕಿಗಳಿಗೆ ಹೆಸರಿಟ್ಟು ಕೆಲಸ ಸಾಗಿಸುತ್ತಿದ್ದರು. ಕೋಲಾರ ಅಂದರೆ 0, ಮಾಲೂರು ಅಂದರೆ 1, ಹೀಗೆ. ಅಲ್ಲಿ 57 ಎಂದು ಕೊಟ್ಟರೂ ಕಂಪೈಲರ್ ತಲೆ ಆಡಿಸುತ್ತಿತ್ತು, ಯಾಕೆಂದರೆ ಅದೂ ಒಂದು ಅಂಕಿಯೇ. ಎನಮ್ ಬಂದ ಮೇಲೆ ತಾಲ್ಲೂಕು ಎಂಬುದೇ ಒಂದು ಟೈಪ್, ಅಂದರೆ ಅಂಕಿಗಿಂತ ಬೇರೆಯದೇ ಒಂದು ಬಗೆ ಆಯಿತು. ಪಟ್ಟಿಯಲ್ಲಿ ಇಲ್ಲದ ಹೆಸರು ಬರೆದರೆ ಪ್ರೋಗ್ರಾಮ್ ಕಂಪೈಲ್ ಆಗುವುದೇ ಇಲ್ಲ.

ಇಲ್ಲೊಂದು ಖುಷಿಯ ವಿಷಯ ಹೇಳಬೇಕು. ಜಾವಾದಲ್ಲಿ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು ಎಂಬ ನಿಯಮವಿಲ್ಲ. ಬೇರೆ ಬೇರೆ ಭಾಷೆಯ ಲಿಪಿಗಳನ್ನು ಒಳಗೊಂಡ ಯುನಿಕೋಡ್ ಅಕ್ಷರಗಳು ನಡೆಯುತ್ತವೆ. ಮಾಲೂರು, ಬಂಗಾರಪೇಟೆ ಎಂದು ಕನ್ನಡದಲ್ಲೇ ಎನಮ್ ಬರೆದು ಓಡಿಸಬಹುದು. ಕಂಪನಿಗಳಲ್ಲಿ ಹೀಗೆ ಬರೆಯುವ ರೂಢಿ ಇಲ್ಲ, ನಿಜ. ಕಲಿಯುವಾಗ ಬರೆಯಿರಿ. ಕೋಡು ನಮ್ಮದು ಅನ್ನಿಸುತ್ತದೆ.

ಈಗ ಎನಮ್‌ಮ್ಯಾಪ್. ಕೀ ಎನಮ್ ಆಗಿದ್ದಾಗ ಹ್ಯಾಶ್‌ಮ್ಯಾಪ್ ಕೂಡ ಕೆಲಸ ಮಾಡುತ್ತದೆ. ಹಾಗಿದ್ದಮೇಲೆ ಇನ್ನೊಂದು ಯಾಕೆ? ಒಳಗೆ ಏನು ನಡೆಯುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಹ್ಯಾಶ್‌ಮ್ಯಾಪ್ ಪ್ರತಿ ಕೀಗೂ ಒಂದು ಹ್ಯಾಶ್ ಸಂಖ್ಯೆ ಕೇಳಿ, ಆ ಸಂಖ್ಯೆಯಿಂದ ಜಾಗ ಗೊತ್ತು ಮಾಡುತ್ತದೆ. ಎರಡು ಕೀಗಳು ಒಂದೇ ಜಾಗಕ್ಕೆ ಬಂದರೆ ಅವನ್ನು ಸರಪಳಿ ಮಾಡಿ ಜೋಡಿಸುತ್ತದೆ. ಒಂದೊಂದು ಜೋಡಿಗೂ ಒಂದೊಂದು ಪುಟ್ಟ ಆಬ್ಜೆಕ್ಟ್ ಕಟ್ಟುತ್ತದೆ. ಯಾವ ಕೀ ಬರುತ್ತದೋ ಗೊತ್ತಿಲ್ಲದಾಗ ಇಷ್ಟೆಲ್ಲ ಬೇಕೇ ಬೇಕು. ಎನಮ್‌ಮ್ಯಾಪ್‌ಗೆ ಅದು ಬೇಕಿಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಮರದ ಖಾನೆಗಳಿರುತ್ತವಲ್ಲ, ಊರಿಗೊಂದು ಖಾನೆ, ಹಾಗೆ ಎನಮ್‌ನಲ್ಲಿ ಎಷ್ಟು ಹೆಸರಿವೆಯೋ ಅಷ್ಟು ಖಾನೆಗಳ ಒಂದು ಅರೇ ಮಾಡಿಕೊಳ್ಳುತ್ತದೆ. ಪ್ರತಿ ಹೆಸರಿಗೂ ಪಟ್ಟಿಯಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. 0ಯಿಂದ ಶುರುವಾಗುವ ಆ ಸಂಖ್ಯೆಗೆ ಆರ್ಡಿನಲ್ ಅನ್ನುತ್ತಾರೆ. ಅದೇ ಖಾನೆಯ ನಂಬರು. ಹ್ಯಾಶ್ ಲೆಕ್ಕವಿಲ್ಲ, ಡಿಕ್ಕಿ ಇಲ್ಲ, ಸರಪಳಿ ಇಲ್ಲ.

ಹೊಸ ಎನಮ್‌ಮ್ಯಾಪ್ ಮಾಡುವಾಗ ತಾಲ್ಲೂಕು ಡಾಟ್ ಕ್ಲಾಸ್ ಎಂದು ಅದರ ಕೈಗೆ ಕೊಡಬೇಕು. ಇದು ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಕೋನಾಕಾರದ ಕಂಸದಲ್ಲಿ ಬರೆಯುವ ಟೈಪಿನ ವಿವರ ಪ್ರೋಗ್ರಾಮ್ ಓಡುವ ಹೊತ್ತಿಗೆ ಅಳಿಸಿಹೋಗಿರುತ್ತದೆ. ಎಷ್ಟು ಖಾನೆ ಬೇಕು ಎಂದು ಮ್ಯಾಪ್‌ಗೆ ತಿಳಿಯಬೇಕಾದರೆ ಯಾವ ಎನಮ್ ಎಂದು ನಾವೇ ಹೇಳಬೇಕು.

ವೇಗದ ಮಾತನ್ನೇ ಜಾಸ್ತಿ ಜನ ಹೇಳುತ್ತಾರೆ. ಐದಾರು ತಾಲ್ಲೂಕಿನ ಲೆಕ್ಕದಲ್ಲಿ ವೇಗದ ವ್ಯತ್ಯಾಸ ನಿಮ್ಮ ಕಣ್ಣಿಗೂ ಬೀಳದು. ನಾನು ಎನಮ್‌ಮ್ಯಾಪ್ ಬಳಸಿ ಎಂದು ಒತ್ತಿ ಹೇಳುವುದು ಅದು ಪಾಲಿಸುವ ಕ್ರಮಕ್ಕಾಗಿ. ಎನಮ್‌ನಲ್ಲಿ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದಿದ್ದೀರೋ ಅದೇ ಕ್ರಮದಲ್ಲಿ ಮ್ಯಾಪ್ ಹೊರಗೆ ಕೊಡುತ್ತದೆ. ಯಾವ ಲಾರಿ ಮೊದಲು ಬಂತು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಹ್ಯಾಶ್‌ಮ್ಯಾಪ್‌ನಲ್ಲಿ ಈ ಭರವಸೆ ಇಲ್ಲ. ಎನಮ್‌ನ ಹ್ಯಾಶ್ ಸಂಖ್ಯೆ ಹೆಸರಿನಿಂದ ಬರುವುದಲ್ಲ, ಅದು ಆಬ್ಜೆಕ್ಟಿನ ಗುರುತಿನ ಸಂಖ್ಯೆ. ಹಾಗಾಗಿ ಇವತ್ತು ಒಂದು ಕ್ರಮದಲ್ಲಿ ಅಚ್ಚಾದ ವರದಿ ನಾಳೆ ಇನ್ನೊಂದು ಕ್ರಮದಲ್ಲಿ ಬರಬಹುದು. ದಿನಾ ಅದೇ ವರದಿ ಓದುವ ಗುಮಾಸ್ತರ ಕಷ್ಟ ಯೋಚಿಸಿ. ಮೇಲಿನಿಂದ ಮೂರನೆಯ ಸಾಲು ಯಾವಾಗಲೂ ಮಾಲೂರು ಎಂದು ಅವರ ಕಣ್ಣು ಅಭ್ಯಾಸ ಮಾಡಿಕೊಂಡಿರುತ್ತದೆ.

ಆರ್ಡಿನಲ್ ಒಳಗೆ ಇದ್ದರೆ ಚೆಂದ. ಅದನ್ನು ಹೊರಗೆ ತಂದು ಫೈಲಿನಲ್ಲಿ, ಡೇಟಾಬೇಸಿನಲ್ಲಿ ಬರೆದಿಟ್ಟರೆ ಅನಾಹುತ. ಇದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹಾಳೆ ಇದ್ದವರು ಈಗ ಬರೆದುಕೊಳ್ಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಕೋಲಾರ ಜಿಲ್ಲೆಯಲ್ಲಿ 11 ತಾಲ್ಲೂಕುಗಳಿದ್ದವು. ಅಕ್ಷರ ಕ್ರಮದಲ್ಲಿ 0ಯಿಂದ ಎಣಿಸೋಣ. ಕೋಲಾರ 0, ಗುಡಿಬಂಡೆ 1, ಗೌರಿಬಿದನೂರು 2, ಚಿಂತಾಮಣಿ 3, ಚಿಕ್ಕಬಳ್ಳಾಪುರ 4, ಬಂಗಾರಪೇಟೆ 5, ಬಾಗೇಪಲ್ಲಿ 6, ಮಾಲೂರು 7, ಮುಳಬಾಗಿಲು 8, ಶಿಡ್ಲಘಟ್ಟ 9, ಶ್ರೀನಿವಾಸಪುರ 10.

ಜಿಲ್ಲೆ ಒಡೆಯಿತು. ಆರು ತಾಲ್ಲೂಕುಗಳು ಆ ಕಡೆ ಹೋದವು. ಪ್ರೋಗ್ರಾಮ್ ಬರೆದವರು ಎನಮ್‌ನಿಂದ ಆ ಆರು ಹೆಸರುಗಳನ್ನು ತೆಗೆದರು ಅಂದುಕೊಳ್ಳಿ. ಉಳಿದದ್ದು ಐದು. ಕೋಲಾರ 0, ಬಂಗಾರಪೇಟೆ 1, ಮಾಲೂರು 2, ಮುಳಬಾಗಿಲು 3, ಶ್ರೀನಿವಾಸಪುರ 4. ಈಗ ಹಳೆಯ ಫೈಲು ತೆರೆಯಿರಿ. ಅಲ್ಲಿ 3 ಎಂದು ಬರೆದಿದ್ದು ಚಿಂತಾಮಣಿಯ ಲೆಕ್ಕ. ಹೊಸ ಪ್ರೋಗ್ರಾಮ್ ಅದನ್ನು ಮುಳಬಾಗಿಲು ಎಂದು ಓದುತ್ತದೆ. ಚಿಕ್ಕಬಳ್ಳಾಪುರದ ಬಾಕ್ಸುಗಳೆಲ್ಲ ಶ್ರೀನಿವಾಸಪುರದ ಖಾತೆಗೆ. ಮುಂದೆ ಬಂಗಾರಪೇಟೆಯಿಂದ ಬೇರೆಯಾಗಿ ಕೆಜಿಎಫ್ ತಾಲ್ಲೂಕು ಬಂತು. ಅಕ್ಷರ ಕ್ರಮದಲ್ಲಿ ಕೆಜಿಎಫ್ ಕೋಲಾರಕ್ಕಿಂತ ಮುಂದೆ ಕೂರುತ್ತದೆ. ಕೋಲಾರವೇ 1 ಆಯಿತು! ಪಟ್ಟಿಯ ಪ್ರತಿಯೊಂದು ಹೆಸರೂ ಒಂದು ಸ್ಥಾನ ಕೆಳಗೆ ಸರಿಯಿತು.

ಎನಮ್‌ಮ್ಯಾಪ್ ಬಳಸಿ ತಾಲ್ಲೂಕು ಡಾಟ್ ಮುಳಬಾಗಿಲು ಎಂದು ಬರೆದ ಕೋಡು ಇದ್ಯಾವುದಕ್ಕೂ ಅಲುಗುವುದಿಲ್ಲ. ಮತ್ತೆ ಕಂಪೈಲ್ ಮಾಡಿದಾಗ ಖಾನೆಯ ನಂಬರು ತಾನಾಗಿ ಸರಿಹೋಗುತ್ತದೆ. ಫೈಲಿಗೆ ಬರೆಯುವಾಗ ಮಾತ್ರ ಹೆಸರನ್ನೇ ಬರೆಯಿರಿ. ಜಾವಾದಲ್ಲಿ ಡೇಟಾಬೇಸ್ ಕೆಲಸಕ್ಕೆ ಬಳಸುವ ಜೆಪಿಎ, ನೀವೇನೂ ಹೇಳದಿದ್ದರೆ ಎನಮ್ ಅನ್ನು ಆರ್ಡಿನಲ್ ಆಗಿಯೇ ಉಳಿಸುತ್ತದೆ. ಅಲ್ಲಿ ಸ್ಟ್ರಿಂಗ್ ಎಂದು ಕೇಳಿ ಹಾಕಿಸಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಇದನ್ನು ನೋಡಿಕೊಳ್ಳಿ ಎಂದು ನಮ್ಮ ಮಕ್ಕಳಿಗೆ ಹೇಳಿ ಕಳಿಸುತ್ತೇನೆ.

ಖಾಲಿ ಖಾನೆಯ ವಿಷಯದಲ್ಲೂ ಎಚ್ಚರ ಬೇಕು. ಖಾನೆ ಇದೆ ಎಂದ ಮಾತ್ರಕ್ಕೆ ಅದರಲ್ಲಿ ಏನೋ ಇದೆ ಎಂದಲ್ಲ. ಇವತ್ತು ಮಾಲೂರಿನಿಂದ ಗಾಡಿ ಬಂದೇ ಇಲ್ಲ ಅಂದರೆ, ಗೆಟ್ ಮಾಡಿ ಅದರ ಖಾನೆಯ ವ್ಯಾಲ್ಯೂ ಕೇಳಿದಾಗ ಸಿಗುವುದು ನಲ್, ಅಂದರೆ ಏನೂ ಇಲ್ಲ. ಅದನ್ನು ನೇರವಾಗಿ ಇಂಟ್‌ಗೆ, ಅಂದರೆ ಬರೀ ಪೂರ್ಣಾಂಕ ಇಡುವ ಜಾಗಕ್ಕೆ ಹಾಕಿದರೆ ಪ್ರೋಗ್ರಾಮ್ ಅಲ್ಲೇ ಕುಸಿಯುತ್ತದೆ. ದಿನದ ಶುರುವಿನಲ್ಲೇ ಎಲ್ಲ ತಾಲ್ಲೂಕಿಗೂ 0 ತುಂಬಿಬಿಡುವುದು ನನಗೆ ಇಷ್ಟ. ವರದಿಯಲ್ಲಿ ‘ಮಾಲೂರು 0’ ಎಂದು ಬಂದರೆ ಅದೂ ಒಂದು ಸುದ್ದಿಯೇ. ಖಾನೆ ಖಾಲಿ ಇದ್ದರೆ ನಾವು ಹೇಳಿದ ವ್ಯಾಲ್ಯೂ ಕೊಡುವ ಗೆಟ್‌ಆರ್‌ಡಿಫಾಲ್ಟ್ ಬಳಸಿದರೂ ನಡೆಯುತ್ತದೆ. ಬಂದ ಬಾಕ್ಸುಗಳನ್ನು ಹಳೆಯ ಮೊತ್ತಕ್ಕೆ ಕೂಡಿಸಲು ಮರ್ಜ್ ಎಂಬ ಮೆಥಡ್ ಇದೆ, ಜಾವಾ 8ರಿಂದ. ಇನ್ನು ನಲ್ ಅನ್ನೇ ಕೀ ಮಾಡಿ ಹಾಕಲು ಹೋದರೆ ಎನಮ್‌ಮ್ಯಾಪ್ ಒಪ್ಪುವುದಿಲ್ಲ, ತಕ್ಷಣ ತಪ್ಪು ತೋರಿಸುತ್ತದೆ. ಹ್ಯಾಶ್‌ಮ್ಯಾಪ್ ಒಪ್ಪಿಕೊಂಡುಬಿಡುತ್ತದೆ. ಊರು ಗೊತ್ತಿಲ್ಲದ ಲೆಕ್ಕ ಬಾಗಿಲಲ್ಲೇ ನಿಲ್ಲುವುದು ಮೇಲು.

ಎಲ್ಲದಕ್ಕೂ ಮ್ಯಾಪ್ ಬೇಡ. ತಾಲ್ಲೂಕು ಕೇಂದ್ರದ ಪಿನ್‌ಕೋಡ್‌ನಂಥ, ಬದಲಾಗದ ವಿವರ ಇದ್ದರೆ ಅದನ್ನು ಎನಮ್‌ನ ಒಳಗೇ ಫೀಲ್ಡ್ ಆಗಿ ಇಡಿ. ಹಾಗಿಟ್ಟರೆ ಹೊಸ ತಾಲ್ಲೂಕು ಸೇರಿಸುವಾಗ ಆ ವಿವರ ಕೊಡದೆ ಕಂಪೈಲ್ ಆಗುವುದಿಲ್ಲ. ಓಡುತ್ತಾ ಬದಲಾಗುವ ಲೆಕ್ಕಕ್ಕೆ ಮ್ಯಾಪ್. ಹಲವು ಥ್ರೆಡ್‌ಗಳು, ಅಂದರೆ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡುವ ಕೆಲಸಗಳು, ಒಟ್ಟಿಗೆ ಬರೆಯುವುದಾದರೆ ಕಲೆಕ್ಷನ್ಸ್ ಕ್ಲಾಸಿನ ಸಿಂಕ್ರೊನೈಸ್ಡ್‌ಮ್ಯಾಪ್ ಹೊದಿಸಬೇಕು, ಎನಮ್‌ಮ್ಯಾಪ್‌ಗೆ ಆ ರಕ್ಷಣೆ ತಾನಾಗಿ ಇಲ್ಲ. ಜಾವಾದ ಜೊತೆ ಓಡುವ ಕಾಟ್ಲಿನ್ ಭಾಷೆಯಲ್ಲಿ ಬರೆಯುವವರಿಗೂ ಇದೇ ಎನಮ್‌ಮ್ಯಾಪ್ ಸಿಗುತ್ತದೆ.

ಈಗ ನಿಮಗೊಂದು ಕೆಲಸ. ಆಗ ಬರೆದುಕೊಂಡ 11 ತಾಲ್ಲೂಕುಗಳ ಎನಮ್ ಮಾಡಿ. ಒಂದೇ ಲೆಕ್ಕವನ್ನು ಹ್ಯಾಶ್‌ಮ್ಯಾಪ್‌ಗೂ ಎನಮ್‌ಮ್ಯಾಪ್‌ಗೂ ತುಂಬಿ, ಎರಡನ್ನೂ ಅಚ್ಚು ಹಾಕಿಸಿ. ಆಮೇಲೆ ಆರು ಹೆಸರು ತೆಗೆದು, ಕೆಜಿಎಫ್ ಸೇರಿಸಿ, ಮತ್ತೆ ಓಡಿಸಿ. ಯಾವ ಸಾಲು ಎಲ್ಲಿಗೆ ಹೋಯಿತು ಎಂದು ಹಾಳೆಯ ಜೊತೆ ತಾಳೆ ನೋಡಿ. ಕಂಪ್ಯೂಟರ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಮಾಡಬಹುದು. ನಮಸ್ಕಾರ.