ಫಾರ್ಮ್ಯಾಟ್ ಮಾಡಿಸುವ ಮುನ್ನ

ಮಾನ್ಯರೇ, ಮೈಸೂರಿನ ನಿವೃತ್ತ ಮೇಷ್ಟ್ರುಗಳೂ ಡಿಟಿಪಿ ಕೆಲಸದವರೂ ಇಲ್ಲಿ ಹೆಚ್ಚಾಗಿ ಸೇರಿದ್ದೀರಿ. ಹಳೆಯ ಕಂಪ್ಯೂಟರ್ ಮೊಂಡು ಹಿಡಿದರೆ ಅಂಗಡಿಗೆ ಒಯ್ಯುತ್ತೇವೆ, ‘ಫಾರ್ಮ್ಯಾಟ್ ಮಾಡಬೇಕು ಸಾರ್’ ಎನ್ನುತ್ತಾರೆ, ಅಂದರೆ ಡಿಸ್ಕನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು, ಒಪ್ಪಿಬಿಡುತ್ತೇವೆ. ಒಪ್ಪುವ ಮುನ್ನ ಕಾರಣ ಹುಡುಕಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಮೊದಲು ಪರದೆಯ ಬಲಮೂಲೆಯ ದಿನಾಂಕ ನೋಡಿ. ಬ್ಯಾಂಕಿನ ಜಾಲತಾಣ ತೆರೆಯದೆ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಎಲ್ಲರೂ ವೈರಸ್ ಎಂದು ಹೆದರುತ್ತಾರೆ. ಜಾಲತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಯಂತ್ರದ ಗಡಿಯಾರ 2012ಕ್ಕೆ ಜಾರಿದ್ದರೆ ಇಂದಿನ ಪ್ರಮಾಣಪತ್ರವನ್ನು ಅದು ಒಪ್ಪುವುದಿಲ್ಲ. ಸರಿಪಡಿಸಿದ ದಿನಾಂಕ ಕರೆಂಟು ತೆಗೆದು ಹಾಕಿದಾಗಲೆಲ್ಲ ತಪ್ಪುತ್ತಿದ್ದರೆ ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲಿನ ಗಡಿಯಾರ ನಡೆಸುವ ಬಿಲ್ಲೆಯಾಕಾರದ ಸೆಲ್ ಮುಗಿದಿದೆ ಎಂದರ್ಥ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅದು ಸಿಆರ್ 2032, ಮೂರು ವೋಲ್ಟಿನದು. ಪ್ಲಗ್ ಕಿತ್ತು ಬದಲಾಯಿಸಿದರೆ ಆಯಿತು. ಎಷ್ಟು ಸಲ ಫಾರ್ಮ್ಯಾಟ್ ಮಾಡಿಸಿದರೂ ಆ ಸೆಲ್‌ಗೆ ಜೀವ ಬರುವುದಿಲ್ಲ.

ನಿಧಾನವಾಗಿದೆ ಎನ್ನುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಬೇಡದ್ದನ್ನು ನಿಲ್ಲಿಸಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಡಿಸ್ಕ್ ಎಂಬಲ್ಲಿ ಸದಾ ನೂರು ಪರ್ಸೆಂಟ್ ತೋರಿಸುತ್ತಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ತಡೆದುಕೊಳ್ಳುತ್ತಿಲ್ಲ. ಎಸ್‌ಎಸ್‌ಡಿ ಎಂಬ ವೇಗದ ಹೊಸ ಬಗೆಯ ಡಿಸ್ಕ್ ಹಾಕಿಸುವ ಖರ್ಚು ದಂಡವಾಗುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು ಕೇಳುತ್ತದೆ, ಹಳೆಯ ಪ್ರೊಸೆಸರ್‌ಗಳನ್ನು ಹತ್ತಿರ ಸೇರಿಸುವುದಿಲ್ಲ. ಹಾಗೆಂದು ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕುವುದು ನನಗೆ ಸರಿಕಾಣದು. ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು. ಹೊಂದಿದರೆ ಆಮೇಲೆ ಹಾಕಿಕೊಳ್ಳಿ.

ನನ್ನನ್ನು ಹೆಚ್ಚು ಕಾಡುವುದು ಕನ್ನಡ ಟೈಪ್ ಮಾಡುವ ತಂತ್ರಾಂಶ ‘ನುಡಿ’ಯ ಹಳೆಯ ಕಡತಗಳು. ಫಾರ್ಮ್ಯಾಟ್ ಆದ ಮೇಲೆ ತೆರೆದರೆ, ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಓರೆಗೀಟು ಹೊತ್ತ ಎ, ಪೌಂಡ್ ಚಿಹ್ನೆ ಕಾಣುತ್ತವೆ. ಬರಹ ಹಾಳಾಯಿತೆಂದು ಅಳಿಸಿಬಿಡುವವರಿದ್ದಾರೆ. ದಯವಿಟ್ಟು ಅಳಿಸಬೇಡಿ! ಆ ಹಳೆಯ ಫಾಂಟುಗಳು ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಕೂರಿಸಿದ್ದವು. ಫಾಂಟು ಹೋಗಿದೆ, ಬರಹ ಹಾಗೆಯೇ ಇದೆ. ‘ನುಡಿ 01 ಇ’ಯಂಥ ಫಾಂಟನ್ನು ಮತ್ತೆ ಹಾಕಿದರೆ ಅಕ್ಷರ ಮೂಡುತ್ತದೆ. ಬಳಿಕ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಿ, ಮೂಲ ಪ್ರತಿಯನ್ನೂ ಇಟ್ಟುಕೊಳ್ಳಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಾಡಿಸಿ. ತಪ್ಪುಗಳು ನುಸುಳುವುದು ಅಲ್ಲಿಯೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿರುವುದರಿಂದ ಮೊಮ್ಮಗಳ ಮೊಬೈಲಿನಲ್ಲೂ ಅದು ಕನ್ನಡವಾಗಿಯೇ ಕಾಣುತ್ತದೆ.

ಅಂಥ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತಂದವರು ಮುಂದೆ ಬನ್ನಿ. ಒಂದನ್ನು ಇಲ್ಲೇ ಪರಿವರ್ತಿಸಿ ತೋರಿಸುತ್ತೇನೆ.