ಗೋಡೆ ಎಷ್ಟು ಎತ್ತರ ಇರಬೇಕು ಅಂತ ಯಾರು ಹೇಳಬೇಕು?

ಎಲ್ಲರಿಗೂ ನಮಸ್ಕಾರ. 2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ ಆಗಿ, ಸುನಾಮಿ ನುಗ್ಗಿ, ಫುಕುಶಿಮಾ ಅಣು ಸ್ಥಾವರದಲ್ಲಿ ಕರೆಂಟು ಹೋಗಿ ರಿಯಾಕ್ಟರುಗಳು ಕರಗಿದ ಕಥೆಯನ್ನು ಈ ಸಭೆಗೆ ಮೊದಲಿಂದ ಹೇಳಬೇಕಿಲ್ಲ. ಅದೇ ದಿನ, ಅದೇ ಕರಾವಳಿಯಲ್ಲಿ ಇನ್ನೊಂದು ಅಣು ಸ್ಥಾವರ ಉಳಿದುಕೊಂಡಿತು. ಅದರ ಕಥೆ ನನಗೆ ತುಂಬ ಮುಖ್ಯ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಅದರ ಹೆಸರು ಒನಗಾವಾ. ಭೂಕಂಪದ ಕೇಂದ್ರಕ್ಕೆ ಫುಕುಶಿಮಾಕ್ಕಿಂತ ಇದೇ ಹತ್ತಿರ. ಸ್ಥಾವರದ ನೆಲ ಸಮುದ್ರ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿರಬೇಕು ಎಂಬ ಚರ್ಚೆ ನಡೆದಾಗ 12 ಮೀಟರ್ ಸಾಕು ಅಂದವರಿದ್ದರು. ಸಾಲದು ಅಂದವರು ಯಾನೊಸುಕೆ ಹಿರಾಯಿ. ಒನಗಾವಾ ಕಟ್ಟಿದ ತೊಹೊಕು ವಿದ್ಯುತ್ ಕಂಪನಿಯ ಉಪಾಧ್ಯಕ್ಷರಾಗಿದ್ದವರು, ಅದೇ ಸೀಮೆಯವರು. 869ನೇ ಇಸವಿಯಲ್ಲಿ ಇದೇ ಕರಾವಳಿಗೆ ಬಡಿದ ಜೋಗನ್ ಸುನಾಮಿ ಎಷ್ಟು ಒಳಗೆ ನುಗ್ಗಿತ್ತು ಅನ್ನೋದು ಅವರಿಗೆ ಗೊತ್ತಿತ್ತು. ಸಾವಿರ ವರ್ಷದ ಹಿಂದಿನ ಮಾತು ಅಂತ ಅವರು ಬದಿಗಿಡಲಿಲ್ಲ. ಖರ್ಚು ಹೆಚ್ಚಾದರೂ ಪಟ್ಟು ಬಿಡಲಿಲ್ಲ. ನೆಲ 14.8 ಮೀಟರಿಗೆ ನಿಂತಿತು.

2011ರಲ್ಲಿ ಭೂಕಂಪಕ್ಕೆ ಅಲ್ಲಿನ ನೆಲವೇ ಸುಮಾರು 1 ಮೀಟರ್ ಕುಸಿಯಿತು. ಅಂದರೆ 13.8. ಬಂದ ಅಲೆ ಸುಮಾರು 13. ಉಳಿದದ್ದು 80 ಸೆಂಟಿಮೀಟರ್, ಊಟದ ಮೇಜಿನಷ್ಟು ಎತ್ತರ! ಮನೆ ಕಳೆದುಕೊಂಡ ಮುನ್ನೂರಕ್ಕೂ ಹೆಚ್ಚು ಜನ ಆಶ್ರಯ ಪಡೆದದ್ದು ಎಲ್ಲಿ ಗೊತ್ತಾ? ಅದೇ ಸ್ಥಾವರದ ಆವರಣದಲ್ಲಿ. ಹಿರಾಯಿ 1986ರಲ್ಲೇ ತೀರಿಕೊಂಡಿದ್ದರು, ಇದನ್ನು ನೋಡಲಿಲ್ಲ.

ಇನ್ನು ದುರಂತ ನಡೆದ ಸ್ಥಾವರ, ಫುಕುಶಿಮಾ ದಾಯಿಚಿ. ಅಲ್ಲಿ 35 ಮೀಟರ್ ಎತ್ತರದ ದಿಬ್ಬ ಮೊದಲೇ ಇತ್ತು. ಅದನ್ನು 10 ಮೀಟರಿಗೆ ಕಡಿದು ಸ್ಥಾವರ ಕಟ್ಟಿದರು. ಹೊರಗಿನ ಕರೆಂಟು ಹೋದಾಗ ಓಡಬೇಕಾದ ತುರ್ತು ಜನರೇಟರುಗಳಲ್ಲಿ ಹೆಚ್ಚಿನವನ್ನು ನೆಲಮಾಳಿಗೆಯಲ್ಲಿ ಇಟ್ಟರು. 15.7 ಮೀಟರ್ ಅಲೆ ಬರಬಹುದು ಅಂತ 2008ರಲ್ಲಿ ಅದನ್ನು ನಡೆಸುತ್ತಿದ್ದ ಟೋಕಿಯೊ ವಿದ್ಯುತ್ ಕಂಪನಿಯೇ ಲೆಕ್ಕ ಹಾಕಿಸಿತ್ತು. ಇನ್ನಷ್ಟು ಅಧ್ಯಯನವಾಗಲಿ ಎಂದು ಮುಂದೂಡಿದರು. ಅಂಥ ಅಲೆ ತಡೆಯುವ ಗೋಡೆ ಏಳಲಿಲ್ಲ.

ನಾನು ಎಲ್ಲಿ ಹೋದರೂ ಹೇಳುವ ಮಾತು ಇದು: ಲೆಕ್ಕ ಹಾಕುವವರು ಒಬ್ಬರು, ಊರು ಬಿಡುವವರು ಇನ್ನೊಬ್ಬರು. ಆ ಕರೆಂಟು ಹೋಗುತ್ತಿದ್ದದ್ದು ಟೋಕಿಯೊ ಕಡೆಗೆ. ಫುಕುಶಿಮಾದ ಮನೆಗಳಿಗೆ ದೀಪ ಕೊಡುತ್ತಿದ್ದದ್ದು ಬೇರೆ ಕಂಪನಿ. ಮನೆ ಬಿಟ್ಟು ಹೊರಟವರು ಮಾತ್ರ ಅಲ್ಲಿನವರೇ, ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ. ಹಾಸಿಗೆ ಹಿಡಿದಿದ್ದ ಮುದುಕರನ್ನು ಬಸ್ಸಿನಲ್ಲಿ ಗಂಟೆಗಟ್ಟಲೆ ಕೂರಿಸಿ ಸಾಗಿಸಿದರು. ಎಷ್ಟೋ ಜನ ದಾರಿಯಲ್ಲಿ, ಶಿಬಿರಗಳಲ್ಲಿ ತೀರಿಕೊಂಡರು. ವಿಕಿರಣದಿಂದ ಸತ್ತವರು ಎಷ್ಟು ಅಂತ ಮಾತ್ರ ಕೇಳುವವರು ಈ ಸಾವುಗಳನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ, ಹೇಳಿ.

ಅಲ್ಲಿ ದುಡಿದವರನ್ನೂ ನೆನೆಯಬೇಕು. ಕಂಟ್ರೋಲ್ ರೂಮಿನಲ್ಲಿ ಕರೆಂಟಿಲ್ಲ, ಮೀಟರುಗಳೆಲ್ಲ ಸತ್ತಿವೆ. ಕೆಲಸಗಾರರು ಕಾರುಗಳ ಬ್ಯಾಟರಿ ಬಿಚ್ಚಿ ತಂದು ವೈರು ಸಿಕ್ಕಿಸಿದರು. ಟಾರ್ಚ್ ಹಿಡಿದು ರಿಯಾಕ್ಟರಿನ ನೀರಿನ ಮಟ್ಟ ಓದಿದರು. ಅಷ್ಟು ದೊಡ್ಡ ತಂತ್ರಜ್ಞಾನ ಕೊನೆಗೆ ಕಾರಿನ ಬ್ಯಾಟರಿಗೆ ಬಂದು ನಿಂತಿತ್ತು. ಇದು ಮನುಷ್ಯರೇ ಮಾಡಿಕೊಂಡ ದುರಂತ ಅಂತ 2012ರಲ್ಲಿ ಜಪಾನ್ ಸಂಸತ್ತಿನ ತನಿಖಾ ಆಯೋಗವೇ ಹೇಳಿತು.

ಹಾಗಾದ್ರೆ ಒನಗಾವಾ ಥರ ಎತ್ತರಕ್ಕೆ ಕಟ್ಟಿದರೆ ಆಯ್ತಲ್ವಾ ಅಂತ ಕೇಳುತ್ತೀರಿ. ಅಲ್ಲೂ ಸ್ಥಾವರಕ್ಕೆ ಕರೆಂಟು ತರುವ ಹೊರಗಿನ ಐದು ವಿದ್ಯುತ್ ಲೈನುಗಳಲ್ಲಿ ಉಳಿದದ್ದು ಒಂದೇ. ಹಿರಾಯಿ ಅಂಥವರು ಪ್ರತಿ ಸ್ಥಾವರಕ್ಕೂ ಸಿಗುತ್ತಾರೆ ಅಂತ ನಂಬಿ ಊರುಗಳನ್ನು ಪಣಕ್ಕಿಡಬಾರದು.

ಹೊತ್ತಾಯ್ತು ಅಂತ ಚೀಟಿ ಬಂದಿದೆ. ಜಪಾನಿನದೇ ನೋಟೊ ಪರ್ಯಾಯ ದ್ವೀಪದ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಸುಜು ಅನ್ನೋ ಊರಲ್ಲಿ ಅಣು ಸ್ಥಾವರ ಕಟ್ಟುವ ಯೋಜನೆ ಇತ್ತು. ಊರವರು ವರ್ಷಗಟ್ಟಲೆ ಬೇಡ ಅಂದರು. 2003ರಲ್ಲಿ ಅದು ನಿಂತಿತು. 2024ರ ಜನವರಿ 1ರಂದು ಭೂಮಿ ನಡುಗಿದ್ದು ಅದೇ ಭಾಗದಲ್ಲಿ. ಕೆಲವೆಡೆ ದಡ 4 ಮೀಟರಿನಷ್ಟು ಮೇಲೆದ್ದಿತು. ಮನೆಗಳು ಬಿದ್ದವು, ರಸ್ತೆಗಳು ಕಡಿದುಹೋದವು. ಅಲ್ಲಿ ಸ್ಥಾವರ ಇದ್ದು ವಿಕಿರಣ ಸೋರಿದ್ದರೆ ಒಳಗೆ ಕೂರಲು ಮನೆ ಇಲ್ಲ, ಹೊರಗೆ ಓಡಲು ದಾರಿ ಇಲ್ಲ.

ನಮ್ಮ ಕೈಗಾ ಜಪಾನಿನಂಥ ಭೂಕಂಪದ ನೆಲದಲ್ಲಿಲ್ಲ, ಸುಮ್ನೆ ಹೆದರಿಸಲಾರೆ. ಆದರೆ ತುರ್ತು ಯೋಜನೆ ಏನು, ಯಾವ ರಸ್ತೆಯಲ್ಲಿ ಹೊರಡಬೇಕು ಅನ್ನೋದು ಸುತ್ತಲಿನ ಪ್ರತಿ ಮನೆಗೂ ಗೊತ್ತಿರಬೇಕು. ಬಳಸಿದ ಇಂಧನದ ಬಗ್ಗೆ ಹೇಳಲು ಹೊತ್ತು ಸಾಲಲಿಲ್ಲ, ಪ್ರಶ್ನೋತ್ತರದಲ್ಲಿ ಯಾರಾದರೂ ಖಂಡಿತ ಕೇಳಿ. ನಮಸ್ಕಾರ.